‘ಹೇಳಿ ಕಳಿಸ್ತೀವಿ’ ಎಂದವರ ಬಾಗಿಲಲ್ಲಿ ಏಳು ದಿನ

ಸಂಜೆ ದೀಪ ಹಚ್ಚಿ, ರಾತ್ರಿಯ ಸಾರಿಗೆ ಬೇಳೆ ಇಟ್ಟು, ಒಂದು ಕಿವಿ ಕುಕ್ಕರಿನ ಕಡೆಗೂ ಇನ್ನೊಂದು ಕಿವಿ ಟಿ.ವಿ. ಕಡೆಗೂ ಕೊಟ್ಟು ಧಾರಾವಾಹಿ ನೋಡುವವರಲ್ಲಿ ನೀವೂ ಒಬ್ಬರಲ್ಲವೇ? ನಾಯಕಿ ಅತ್ತದ್ದು, ಅತ್ತೆ ಹುಬ್ಬು ಹಾರಿಸಿದ್ದು ಎಲ್ಲ ನಿಮಗೆ ನೆನಪಿರುತ್ತದೆ. ಆದರೆ ಬಾಗಿಲು ತಟ್ಟಿ ‘ಮೇಡಂ, ಕೊರಿಯರ್’ ಎಂದು ಲಕೋಟೆ ಕೊಟ್ಟು ಹೋದ ಹುಡುಗನ ಮುಖ? ಮದುವೆ ಮಂಟಪದಲ್ಲಿ ಗಂಡಿನ ಹಿಂದೆ ಹಾರದ ತಟ್ಟೆ ಹಿಡಿದು ನಿಂತವನ ಮುಖ? ನೆನಪಿರುವುದಿಲ್ಲ. ನೆನಪಿಟ್ಟುಕೊಳ್ಳಬೇಕಾದ ಕಾರಣವೂ ಇಲ್ಲ ಬಿಡಿ. ಆದರೆ ಆ ಅರ್ಧ ನಿಮಿಷಕ್ಕಾಗಿ ಅಂಥವನೊಬ್ಬ ಎಷ್ಟು ಮೆಟ್ಟಿಲು ಹತ್ತಿ ಇಳಿಯುತ್ತಾನೆ ಎಂಬುದನ್ನು ಈ ಸಲದ ಸಂಕ್ರಾಂತಿ ಕಳೆದ ಮೇಲೆ ಒಂದು ವಾರ ಹತ್ತಿರದಿಂದ ನೋಡಿ ಬಂದೆ. ಮನೆಯಲ್ಲಿ ನಾಟಕದ ಹುಚ್ಚಿನ ಮಗನೋ ಮಗಳೋ ಇರುವ ಸೋದರಿಯರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಹುಡುಗ ಬೇರೆ ಯಾರೂ ಅಲ್ಲ, ನನ್ನ ಅಕ್ಕನ ಮಗ. ನಮ್ಮದು ತಿಪಟೂರು. ಭಾವನವರು ಕೊಬ್ಬರಿ ಮಂಡಿಯೊಂದರಲ್ಲಿ ಮೂವತ್ತು ವರ್ಷದಿಂದ ಲೆಕ್ಕ ಬರೆಯುತ್ತಾರೆ. ಮಗ ಬಿ.ಕಾಂ. ಮುಗಿಸಿದಾಗ ಮಂಡಿಯ ಸಾಹುಕಾರರು ‘ಕಳಿಸ್ರಿ, ಕಂಪ್ಯೂಟರ್ ಮುಂದೆ ಕೂರಿಸೋಣ’ ಎಂದರು. ಇವನು ಹೆಗ್ಗೋಡಿಗೆ ಹೋದ. ಸಾಗರದ ಹತ್ತಿರದ ಆ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರು ಕಟ್ಟಿ ಬೆಳೆಸಿದ ನೀನಾಸಂ ಇದೆಯಲ್ಲ, ಅಲ್ಲಿ 1980ರಿಂದ ನಾಟಕ ಕಲಿಸುವ ಶಾಲೆ ನಡೆಯುತ್ತಿದೆ. ಅಲ್ಲೇ ಇದ್ದು ಕಲಿತ. ಆಮೇಲೆ ಒಂದು ವರ್ಷ ಅವರ ‘ತಿರುಗಾಟ’ದ ಜೊತೆ ಊರೂರು ಸುತ್ತಿದ. 1985ರಲ್ಲಿ ಆರಂಭವಾದ ತಿರುಗಾಟದ ನಾಟಕಗಳನ್ನು ನಿಮ್ಮಲ್ಲೂ ಕೆಲವರು ನೋಡಿರಬಹುದು. ಅದು ಮುಗಿದ ಮೇಲೆ ಬೆಂಗಳೂರು ಸೇರಿದ. ಈಗ ನಾಲ್ಕು ವರ್ಷವಾಯಿತು. ವಯಸ್ಸು 27.

‘ಯುಗಾದಿವರೆಗೆ ನೋಡ್ತೀನಿ. ಆಮೇಲೆ ಬಂದು ಮಂಡೀಲಿ ಕೂರಬೇಕು’ ಎಂದು ಭಾವ ಹೇಳಿಬಿಟ್ಟಿದ್ದರು. ಅವರು ಎರಡು ಸಲ ಹೇಳುವವರಲ್ಲ. ನಾನು ಹಲ್ಲಿನ ರೂಟ್ ಕೆನಾಲ್ ಮಾಡಿಸಿಕೊಳ್ಳಲು ಒಂದು ವಾರ ಬೆಂಗಳೂರಿಗೆ ಹೊರಟಿದ್ದೆ. ಶ್ರೀನಗರದಲ್ಲಿ ನನ್ನ ನಾದಿನಿಯ ಮನೆ. ಅಲ್ಲಿಂದ ಎರಡು ಬೀದಿ ಆಚೆ ಹುಡುಗನ ರೂಮು. ಅಕ್ಕ ಹುರಿಹಿಟ್ಟು, ಚಟ್ನಿಪುಡಿ, ಮಿಕ್ಕ ಎಳ್ಳುಬೆಲ್ಲ ಎಲ್ಲ ಕಟ್ಟಿಕೊಟ್ಟು, ‘ಅವನು ನಿಜವಾಗ್ಲೂ ಏನು ಮಾಡ್ತಾನೆ ಅಂತ ನೋಡ್ಕೊಂಡು ಬಾರೇ. ಫೋನಲ್ಲಿ ಕೇಳಿದ್ರೆ ದಿನಾ ಎಲ್ಲ ಚೆನ್ನಾಗಿದೆ ಅಂತಾನೆ. ಚೆನ್ನಾಗಿರೋರು ಹಂಗೆ ದಿನಾ ಹೇಳಲ್ಲ’ ಎಂದಳು. ತಾಯಿಯಾದವಳಿಗೆ ತಿಳಿಯದ್ದು ಯಾವುದಿದೆ ಹೇಳಿ!

ರೂಮು ಮೂರನೆಯ ಮಹಡಿಯ ಮೇಲೆ, ತಾರಸಿಯಲ್ಲಿ, ಶೀಟು ಹೊದಿಸಿದ್ದು. ಮೂವರು ಹುಡುಗರು ಸೇರಿ ಹಿಡಿದಿದ್ದಾರೆ. ಹುಡುಗರ ರೂಮೆಂದರೆ ಹೇಗಿರುತ್ತದೋ ಹಾಗೇ ಇತ್ತು. ಆದರೆ ಎರಡು ವಸ್ತು ಮಾತ್ರ ಲಕಲಕ ಎನ್ನುತ್ತಿದ್ದವು. ಒಂದು, ಆಳೆತ್ತರದ ಕನ್ನಡಿ. ಇನ್ನೊಂದು, ಗೋಡೆಯ ಮೊಳೆಗೆ ಪ್ಲಾಸ್ಟಿಕ್ ಹೊದಿಸಿ ನೇತುಹಾಕಿದ ಇಸ್ತ್ರಿ ಮಾಡಿದ ಎರಡು ಅಂಗಿ, ಒಂದು ಬಿಳಿ, ಒಂದು ತಿಳಿನೀಲಿ. ‘ಅವು ಆಡಿಷನ್ ಶರ್ಟು ಚಿಕ್ಕಮ್ಮ, ಮುಟ್ಬೇಡ’ ಎಂದ. ದೇವರ ಮಡಿಯ ಹಾಗೆ!

ಸೋಮವಾರ ಬೆಳಿಗ್ಗೆ ಆರಕ್ಕೇ ಹೊರಟ. ಎಲ್ಲಿಗೆ ಎಂದರೆ, ಬಸವನಗುಡಿಯ ಬ್ಯೂಗಲ್ ರಾಕ್ ಪಾರ್ಕಿಗೆ. ಮೊದಲು ತಾರಸಿಯ ನೀರಿನ ಟ್ಯಾಂಕಿನ ಪಕ್ಕದಲ್ಲೇ ನಿಂತು ದನಿಯ ಸಾಧನೆ ಮಾಡುತ್ತಿದ್ದನಂತೆ. ಮನೆಯ ಓನರಮ್ಮ ಹತ್ತಿ ಬಂದು ‘ಯಾರಿಗಾದ್ರೂ ಮೈಮೇಲೆ ಬಂದಿದ್ಯೇನಪ್ಪ?’ ಎಂದು ಕೇಳಿದರಂತೆ. ಅಂದಿನಿಂದ ಪಾರ್ಕು. ನಾನೂ ಒಂದು ದಿನ ಹಿಂದೆ ಹೋಗಿ ನೋಡಿದೆ. ಬಂಡೆಯ ಪಕ್ಕ ನಿಂತು ಹೊಕ್ಕಳಿನಿಂದ ಉಸಿರೆಳೆದು ಅ, ಆ, ಇ, ಈ ಎಂದು ಸ್ವರ ಬಿಡುತ್ತಾನೆ. ನಾಲಿಗೆ ತೊಡರುವ ಪದಗಳನ್ನು ಮೆಲ್ಲಗೆ ಶುರುಮಾಡಿ ಜೋರಾಗಿ ಓಡಿಸುತ್ತಾನೆ. ಯಾರೂ ಕೆಲಸ ಕೊಡದ ದಿನವೂ ಇದು ತಪ್ಪುವಂತಿಲ್ಲ. ಸಂಗೀತ ಕಲಿತವರಿಗೆ ಇದು ಬೇಗ ಅರ್ಥವಾದೀತು.

ಪಾರ್ಕಿನಿಂದ ಬಂದ ಮೇಲೆ ಫೋನು. ಹಿಂದೆ ನಟರಾಗಬೇಕೆಂದವರು ಗಾಂಧಿನಗರದಲ್ಲಿ ನಿರ್ಮಾಪಕರ ಕಛೇರಿಗಳ ಮೆಟ್ಟಿಲು ಹತ್ತಿ ಫೋಟೋ ಕೊಟ್ಟು ಬರುತ್ತಿದ್ದರು. ಈಗ ಎಲ್ಲ ವಾಟ್ಸಾಪಿನಲ್ಲಿ. ‘25ರಿಂದ 30 ವಯಸ್ಸು, ಸ್ಪಷ್ಟ ಕನ್ನಡ, ಬೆಂಗಳೂರಿನಲ್ಲೇ ಇರುವವರು ಮಾತ್ರ, ಪ್ರೊಫೈಲ್ ಕಳಿಸಿ’ ಎಂದು ಬರುತ್ತದೆ. ಬಂದ ಹತ್ತು ನಿಮಿಷದಲ್ಲಿ ಕಳಿಸದಿದ್ದರೆ ನಮ್ಮದು ನೂರಾರು ಫೋಟೋಗಳ ಅಡಿಗೆ ಹೋಗುತ್ತದೆ. ಪ್ರೊಫೈಲ್ ಎಂದರೆ ಎದುರಿನಿಂದ ಒಂದು, ಎಡದಿಂದ ಒಂದು, ಬಲದಿಂದ ಒಂದು ಫೋಟೋ. ಜೊತೆಗೆ ಒಂದು ನಿಮಿಷದ ವಿಡಿಯೋ. ಅದರಲ್ಲಿ ಹೆಸರು, ವಯಸ್ಸು, ಎತ್ತರ, ಹಿಂದೆ ಏನು ಮಾಡಿದ್ದೀರಿ ಎಂಬುದನ್ನು ಹೇಳಿ, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ತೋರಿಸಬೇಕು. ನಮ್ಮ ಕಾಲದಲ್ಲಿ ಹೆಣ್ಣು ನೋಡಲು ಬಂದವರು ‘ಸ್ವಲ್ಪ ನಡೆದು ತೋರಿಸಮ್ಮ’ ಎನ್ನುತ್ತಿದ್ದರಲ್ಲ, ಅದೇ. ಆದರೆ ಅವರು ಒಂದು ಪತ್ರವನ್ನಾದರೂ ಬರೆಯುತ್ತಿದ್ದರು. ಇಲ್ಲಿ ಸೋಮವಾರ ಹನ್ನೊಂದು ಕಡೆಗೆ ಕಳಿಸಿದ. ಹತ್ತು ಕಡೆಯಿಂದ ಏನೂ ಇಲ್ಲ. ಒಂದು ಕಡೆಯಿಂದ ಮಾತ್ರ, ನಾಳೆ ಹತ್ತಕ್ಕೆ ನಾಗರಭಾವಿಗೆ ಬನ್ನಿ ಎಂದು ಬಂತು. ಧಾರಾವಾಹಿ ನಾಯಕನ ತಮ್ಮನ ಪಾತ್ರ. ದಿನಾ ಬರುವ ಪಾತ್ರ. ಸಿಕ್ಕರೆ ವರ್ಷಗಟ್ಟಲೆ ಅನ್ನದ ದಾರಿ.

ಮಂಗಳವಾರ ನನಗೆ ಡಾಕ್ಟರ ಹತ್ತಿರ ಹೋಗುವುದಿರಲಿಲ್ಲ, ಜೊತೆಗೆ ಹೊರಟೆ. ಬಸ್ಸಿನಲ್ಲಿ ನನಗೆ ಸೊನ್ನೆ ರೂಪಾಯಿ ಟಿಕೆಟ್ಟು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯ ಪುಣ್ಯ. ಅವನು ದುಡ್ಡು ಕೊಟ್ಟ. 2025ರ ಫೆಬ್ರವರಿಯಲ್ಲಿ ಮೆಟ್ರೋದ ಅತಿ ಹೆಚ್ಚಿನ ದರ 60ರಿಂದ 90 ರೂಪಾಯಿಗೆ ಏರಿದ ಮೇಲೆ ಅದನ್ನು ತೀರಾ ತಡವಾದಾಗ ಮಾತ್ರ ಹತ್ತುತ್ತಾನಂತೆ. ಬಸ್ಸಿನಲ್ಲಿ ಕೂತು ಫೋನಿಗೆ ಬಂದಿದ್ದ ಒಂದು ಪುಟದ ಸಂಭಾಷಣೆ ಉರು ಹೊಡೆಯುತ್ತಿದ್ದ. ಅಣ್ಣನೊಂದಿಗೆ ಜಗಳದ ದೃಶ್ಯ. ‘ನನಗೂ ಈ ಮನೇಲಿ ಹಕ್ಕಿದೆ’ ಎಂದು ಹಲ್ಲು ಕಚ್ಚಿ ಹೇಳಿದಾಗ ಪಕ್ಕದಲ್ಲಿದ್ದ ಹಿರಿಯರು ಎದ್ದು ಹಿಂದಿನ ಸೀಟಿಗೆ ಹೋದರು.

ಆ ಕಛೇರಿ ಒಂದು ಮನೆಯ ಎರಡನೆಯ ಮಹಡಿ. ಮೆಟ್ಟಿಲ ತುಂಬ ಹುಡುಗರು ಹುಡುಗಿಯರು, ಅರವತ್ತು ಜನಕ್ಕೆ ಕಡಿಮೆ ಇರಲಿಲ್ಲ. ಹಾಸನ, ಗದಗ, ಕುಂದಾಪುರ, ಚಾಮರಾಜನಗರ. ಎಲ್ಲ ಕಡೆಯ ಕನ್ನಡವೂ ಆ ಮೆಟ್ಟಿಲ ಮೇಲಿತ್ತು. ಒಳಗೆ ಹೋದ ಕೂಡಲೇ ಎಲ್ಲರೂ ಒಂದೇ ಥರದ ಟಿ.ವಿ. ಕನ್ನಡ ಆಡಬೇಕು. ನಲವತ್ತೈದರ ಒಬ್ಬರು, ಇಪ್ಪತ್ತು ವರ್ಷದಿಂದ ಪೊಲೀಸು, ಪುರೋಹಿತ, ಬ್ಯಾಂಕ್ ಮ್ಯಾನೇಜರು ಹೀಗೇ ಮಾಡಿಕೊಂಡು ಬಂದವರು, ಮನೆಯಿಂದ ಮಡಚುವ ಸ್ಟೂಲೇ ತಂದಿದ್ದರು! ನನ್ನನ್ನು ನೋಡಿದ ಹುಡುಗಿಯೊಬ್ಬಳು ಬಹಳ ಮರ್ಯಾದೆಯಿಂದ ‘ಆಂಟೀ, ನೀವು ಅಜ್ಜಿ ಪಾತ್ರಕ್ಕಾ?’ ಎಂದಳು. ಹಲ್ಲು ನೋವಿಗೆ ಒಂದು ಕೆನ್ನೆ ಊದಿತ್ತು, ನಿಜ. ಆದರೂ ಅಮ್ಮನ ಪಾತ್ರಕ್ಕಾ ಎಂದಿದ್ದರೆ ಅವಳ ಗಂಟೇನು ಹೋಗುತ್ತಿತ್ತು?

ಹತ್ತಕ್ಕೆ ಹೋದವನನ್ನು ಒಳಗೆ ಕರೆದದ್ದು ಮೂರೂವರೆಗೆ. ಹೊರಬಂದದ್ದು ಎರಡೇ ನಿಮಿಷಕ್ಕೆ. ನಡುವೆ ಊಟಕ್ಕೆ ಹೋಗುವಂತಿಲ್ಲ, ಹೋದಾಗ ಕರೆದರೆ? ನಾನು ತಂದಿದ್ದ ನಿಪ್ಪಟ್ಟು ನಾಲ್ಕು ಜನಕ್ಕಾಯಿತು. ಇಳಿದು ಬರುವಾಗ ಅವನು ಈ ಲೋಕದ ವ್ಯಾಕರಣ ಹೇಳಿಕೊಟ್ಟ. ‘ಹೇಳಿ ಕಳಿಸ್ತೀವಿ’ ಎಂದರೆ ಇಲ್ಲ ಎಂದರ್ಥ. ‘ನಂಬರ್ ಕೊಟ್ಟಿದ್ದೀರಲ್ಲ?’ ಎಂದರೆ ಮುಕ್ಕಾಲು ಇಲ್ಲ. ‘ಈ ವಾರ ಡೇಟ್ಸ್ ಹೇಗಿದೆ?’ ಎಂದರೆ ಸ್ವಲ್ಪ ಆಸೆ ಇಟ್ಟುಕೊಳ್ಳಬಹುದು. ಇವನಿಗೆ ಮೊದಲು ‘ಹೇಳಿ ಕಳಿಸ್ತೀವಿ’ ಎಂದು, ಬಾಗಿಲು ದಾಟುವಾಗ ಹಿಂದಕ್ಕೆ ಕರೆದು, ಶನಿವಾರದವರೆಗೆ ಡೇಟ್ಸ್ ಖಾಲಿ ಇಟ್ಟುಕೊಳ್ಳಿ ಎಂದಿದ್ದರು.

ಆ ಮೆಟ್ಟಿಲ ಮೇಲೆ ಕೂತಾಗ ನನಗೆ ನಮ್ಮೂರಿನ ಒಬ್ಬರು ನೆನಪಾಗುತ್ತಿದ್ದರು. ಹಾಸ್ಯಚಕ್ರವರ್ತಿ ನರಸಿಂಹರಾಜು ತಿಪಟೂರಿನವರು ಎಂಬುದು ನಿಮಗೆ ಗೊತ್ತೇ? ಅವರು, ರಾಜಕುಮಾರ್, ಬಾಲಕೃಷ್ಣ, ಜಿ.ವಿ. ಅಯ್ಯರ್ ಎಲ್ಲರೂ ಗುಬ್ಬಿ ಕಂಪನಿಯಲ್ಲಿ ಪಳಗಿದವರು. ಗುಬ್ಬಿ ನಮ್ಮ ಜಿಲ್ಲೆಯದೇ. 1884ರಲ್ಲಿ ಹುಟ್ಟಿ, ಆಮೇಲೆ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾದ ಕಂಪನಿ. ಕಂಪನಿ ನಾಟಕವೆಂದರೆ ಕಷ್ಟವೇನೂ ಕಡಿಮೆ ಇರಲಿಲ್ಲ. ಮಳೆ ಬಂದರೆ ಆಟ ನಿಲ್ಲುತ್ತಿತ್ತು, ಸಂಬಳ ಹಿಂದುಳಿಯುತ್ತಿತ್ತು. ಆದರೂ ಬಣ್ಣ ಹಚ್ಚುವವನಿಗೆ ಮಲಗಲು ಕಂಪನಿಯ ಜಾಗ, ಉಣ್ಣಲು ಕಂಪನಿಯ ಪಂಕ್ತಿ ಇತ್ತು. ಚಿಕ್ಕ ಹುಡುಗರು ಅಲ್ಲೇ ಸಣ್ಣಪುಟ್ಟ ಪಾತ್ರ ಮಾಡುತ್ತ, ದೊಡ್ಡವರನ್ನು ನೋಡುತ್ತ ಕಲಿಯುತ್ತಿದ್ದರು. 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂದು ರಾಜಕುಮಾರ್ ಹೆಸರಾದ ಮೇಲೂ ಕನ್ನಡ ಚಿತ್ರಗಳು ಸಾಕಷ್ಟು ತಯಾರಾಗದೆ ಕಲಾವಿದರಿಗೆ ಕೆಲಸ ಇಲ್ಲದ ಕಾಲ ಬಂತು. ಆಗ ಈ ನಾಲ್ವರೂ ಸೇರಿ ಕಲಾವಿದರ ಸಂಘ ಕಟ್ಟಿ, ಮತ್ತೆ ಊರೂರು ನಾಟಕವಾಡಿ ದುಡ್ಡು ಕೂಡಿಸಿ, 1960ರಲ್ಲಿ ‘ರಣಧೀರ ಕಂಠೀರವ’ ತೆಗೆದರು. ಅವರಂಥವರಿಗೂ ಕೆಲಸ ಇಲ್ಲದೆ ಕೂರುವ ದಿನ ಬಂದಿತ್ತು. ಆದರೆ ನಾಲ್ಕು ಜನ ಒಟ್ಟಿಗೆ ಕೂತಿದ್ದರು. ಈಗ ಒಬ್ಬೊಬ್ಬರೂ ಒಂದೊಂದು ಫೋನು ಹಿಡಿದು ಒಂಟಿಯಾಗಿ ಕೂರುತ್ತಾರೆ. ಕಂಪನಿಯ ಅಡಿಗೆಮನೆ ಹೋಗಿ, ಆ ಜಾಗಕ್ಕೆ ತಿಪಟೂರಿನದೋ ಗದಗಿನದೋ ಒಬ್ಬ ತಾಯಿಯ ಅಡಿಗೆಮನೆ ಬಂದಿದೆ. ಡಬ್ಬ ಕಟ್ಟುವವರು ನಾವು. ಲೆಕ್ಕ ಬರೆಯುವವರು ಯಾರೂ ಇಲ್ಲ.

ಬುಧವಾರ ಏನೂ ನಡೆಯಲಿಲ್ಲ. ಏನೂ ನಡೆಯದ ದಿನಕ್ಕೂ ಖರ್ಚಿದೆ ನೋಡಿ. ಆರೋಗ್ಯ ಪ್ರಚಾರದ ಬೀದಿ ನಾಟಕಕ್ಕೆ ಆರು ದಿನ ತುಮಕೂರಿನ ಕಡೆಗೆ ಬರುತ್ತೀಯಾ, ದಿನಕ್ಕೆ 700, ಊಟ ನಮ್ಮದು ಎಂದು ತಂಡದವರು ಕರೆದರು. ಶನಿವಾರದ ಡೇಟು ಇದೆಯಲ್ಲ, ಆಗುವುದಿಲ್ಲ ಎಂದ. ಅಲ್ಲಿಗೆ 4,200 ರೂಪಾಯಿ ಹೋಯಿತು. ಡೇಟು ಹಿಡಿದಿಟ್ಟುಕೊಂಡವರು ಅದಕ್ಕೊಂದು ಕಾಸೂ ಕೊಡುವುದಿಲ್ಲ. ಅಂದು ರಾತ್ರಿ ನಾದಿನಿಯ ಮನೆಗೆ ಊಟಕ್ಕೆ ಕರೆದರೆ ‘ಡಯಟ್ ಚಿಕ್ಕಮ್ಮ, ರಾತ್ರಿ ತಿನ್ನಲ್ಲ’ ಎಂದ. ದುಡ್ಡಿನ ಡಯಟ್ಟು ಎಂದು ತಿಳಿಯಲು ಹೆಚ್ಚು ಓದಿರಬೇಕಾಗಿಲ್ಲ. ಮೂರು ಚಪಾತಿ ತಿಂದ.

ಊಟವಾದ ಮೇಲೆ ನಾನು ಪುಸ್ತಕ ಪೆನ್ನು ತೆಗೆದೆ. ಹಾಲಿನವನ ಲೆಕ್ಕ, ದಿನಸಿ ಲೆಕ್ಕ ಬರೆದು ಅಭ್ಯಾಸವಿರುವ ಕೈ. ‘ಹೇಳೋ, ಕಳೆದ ಸಂಕ್ರಾಂತಿಯಿಂದ ಈ ಸಂಕ್ರಾಂತಿಗೆ ಎಷ್ಟು ಬಂತು?’ ಎಂದೆ. ಮುಖ ಸಣ್ಣದು ಮಾಡಿಕೊಂಡರೂ ಹೇಳಿದ. ಮೂರು ಶಾಲೆಗಳಲ್ಲಿ ವಾರ್ಷಿಕೋತ್ಸವಕ್ಕೆ ಮಕ್ಕಳ ನಾಟಕ ಮಾಡಿಸಿದ್ದು 36,000. ಬೇಸಿಗೆ ಶಿಬಿರ 25,000. ಡಬ್ಬಿಂಗ್ 41,000. ಬೀದಿ ನಾಟಕ 22 ದಿನ, 15,400. ಧಾರಾವಾಹಿಗಳ ಸಣ್ಣ ಪಾತ್ರಗಳಿಂದ ಕೈಗೆ ಬಂದದ್ದು 28,000; ಬರಬೇಕಾದ್ದು ಇನ್ನೂ 14,000. ಕೈಗೆ ಬಂದದ್ದು ಒಟ್ಟು 1,45,400. ಖರ್ಚು ತಿಂಗಳಿಗೆ ಹೀಗೆ: ಬಾಡಿಗೆಯ ಪಾಲು 3,500, ಊಟ ತಿಂಡಿ 4,000, ಬಸ್ಸು 1,500, ಫೋನು 350, ಇಸ್ತ್ರಿ ಸೋಪು ಕ್ಷೌರ 600. ವರ್ಷಕ್ಕೆ 1,19,400. ಹೊಸ ಫೋಟೋ ತೆಗೆಸಿದ್ದು 9,000. ಉಳಿದದ್ದು 17,000; ಅದರಲ್ಲಿ ಜ್ವರ ಬಂದು ಮಲಗಿದಾಗ ಅರ್ಧ ಹೋಯಿತು, ಗೌರಿಗೆ ಅಮ್ಮನಿಗೆ ಸೀರೆ.

ಎರಡು ಸಲ ಕೂಡಿ ನೋಡಿದೆ. ಮನೆಯಿಂದ ಒಂದು ರೂಪಾಯಿಯೂ ತರಿಸಿಲ್ಲ. ಊರಿನಲ್ಲಿ ‘ನಾಟಕ ಆಡ್ಕೊಂಡು ತಿರುಗ್ತಾನೆ’ ಎನ್ನುತ್ತಾರಲ್ಲ, ಆ ತಿರುಗಾಟದಲ್ಲೇ ತನ್ನ ಹೊಟ್ಟೆ ತಾನು ಹೊರೆದಿದ್ದಾನೆ. ಆದರೆ ಇದೂ ನಿಜ: ಯಾವುದಕ್ಕಾಗಿ ಬೆಂಗಳೂರು ಸೇರಿದನೋ ಆ ಕ್ಯಾಮೆರಾದ ಮುಂದಿನ ಕೆಲಸದಿಂದ ಬಂದದ್ದು ಬರೀ 28,000. ಮದುವೆ ವಯಸ್ಸಿನ ಹುಡುಗನಿಗೆ ಈ ಲೆಕ್ಕ ಸಾಲದು. ಭಾವನದು ಸುಮ್ಮನೆ ಹಟ ಎಂದು ನಾನು ಹೇಳಲಾರೆ.

ಗುರುವಾರ ಡಬ್ಬಿಂಗ್ ಇತ್ತು. ಬೇರೆ ಭಾಷೆಯ ಚಿತ್ರ, ಧಾರಾವಾಹಿಗಳನ್ನು ಕನ್ನಡಕ್ಕೆ ಡಬ್ ಮಾಡಬಾರದೆಂದು ನಮ್ಮಲ್ಲಿ ಬಹಳ ವರ್ಷ ತಡೆ ಇತ್ತು. ಹಾಗೆ ತಡೆಯುವುದು ಸರಿಯಲ್ಲವೆಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ಕೊಟ್ಟಿತು. 2020ರ ಲಾಕ್‌ಡೌನ್‌ನಲ್ಲಿ ಧಾರಾವಾಹಿಗಳ ಶೂಟಿಂಗ್ ನಿಂತಾಗ ಹಿಂದಿಯ ಮಹಾಭಾರತ ಕನ್ನಡದಲ್ಲಿ ಬಂದದ್ದು ನಿಮಗೆ ನೆನಪಿರಬೇಕು. ನಮ್ಮ ಮನೆಯಲ್ಲಂತೂ ಆ ಹೊತ್ತಿಗೆ ಯಾರೂ ಏಳುತ್ತಿರಲಿಲ್ಲ. ಡಬ್ಬಿಂಗ್ ಬಂದರೆ ಇಲ್ಲಿಯವರ ಅನ್ನ ಹೋಗುತ್ತದೆ ಎಂದು ಕೆಲವರು, ದನಿ ಇರುವವರಿಗೆ ಅನ್ನ ಸಿಗುತ್ತದೆ ಎಂದು ಕೆಲವರು. ಇವನ ಪುಸ್ತಕದಲ್ಲಿ ಎರಡೂ ಇದೆ.

ಕತ್ತಲೆಯ ಸಣ್ಣ ಕೋಣೆ, ಕಿವಿಗೆ ಹೆಡ್‌ಫೋನು, ಎದುರಿಗೆ ಪರದೆ. ಪರದೆಯವನ ತುಟಿ ಮುಚ್ಚುವಾಗಲೇ ಇವನ ಮಾತೂ ಮುಗಿಯಬೇಕು. ಹೊಡೆತ ತಿನ್ನುವ ಐದು ಜನಕ್ಕೆ ಇವನೊಬ್ಬನೇ ಐದು ಥರ ನರಳಿದನಂತೆ. ಇಲ್ಲೊಂದು ಸ್ವಾರಸ್ಯವಿದೆ. ಹಸಿದುಕೊಂಡು ಹೋದರೆ ಹೊಟ್ಟೆ ಗುರುಗುಟ್ಟುವುದು ಮೈಕಿಗೆ ಕೇಳಿಸುತ್ತದೆ! ಆದ್ದರಿಂದ ಡಬ್ಬಿಂಗ್ ದಿನ ತಿಂದೇ ಹೋಗಬೇಕು. ಮೊಸರು, ತಣ್ಣನೆಯದು ಕೂಡದು. ಅಕ್ಕನ ಹುರಿಹಿಟ್ಟು ಅಂದು ಕೆಲಸಕ್ಕೆ ಬಂತು. ರಾಗಿಯನ್ನು ನೀರು ಚಿಮುಕಿಸಿ ನೆನೆಸಿ, ನೆರಳಿನಲ್ಲಿ ಆರಿಸಿ, ಕಾದ ಬಾಣಲೆಯಲ್ಲಿ ಅರಳು ಹುರಿದು ಬೀಸಿದ ಹಿಟ್ಟು. ಬಿಸಿ ಹಾಲು, ಬೆಲ್ಲ, ಒಂದು ಚಿಟಿಕೆ ಏಲಕ್ಕಿ, ಇದ್ದರೆ ಕಾಯಿತುರಿ ಹಾಕಿ ಕಲಸಿದರೆ ಮಧ್ಯಾಹ್ನದವರೆಗೆ ಹೊಟ್ಟೆ ತಣ್ಣಗಿರುತ್ತದೆ. ಒಲೆ ಬೇಡ, ಪಾತ್ರೆ ತೊಳೆಯುವ ರಗಳೆಯೂ ಕಡಿಮೆ. ದೂರ ಇರುವ ಮಕ್ಕಳಿಗೆ ಬೇಕರಿ ತಿಂಡಿ ಕಟ್ಟುವ ಬದಲು ಇದನ್ನು ಕಟ್ಟಿ ನೋಡಿ.

ಶುಕ್ರವಾರದ ಸಂಗತಿಯನ್ನು ಸ್ವಲ್ಪ ಗಮನವಿಟ್ಟು ಓದಿ. ಮಧ್ಯಾಹ್ನ ಅವನಿಗೊಂದು ಫೋನು ಬಂತು. ಬಹಳ ಸಭ್ಯ ದನಿ. ‘ತಮ್ಮನ ಪಾತ್ರ ನಿಮಗೇ ಖಾಯಂ ಮಾಡಿಸ್ತೀನಿ. ಆರ್ಟಿಸ್ಟ್ ಕಾರ್ಡ್ ಮಾಡಿಸಬೇಕು, 35,000 ಆಗುತ್ತೆ. ಇವತ್ತು ಅರ್ಧ ಹಾಕಿ, ಶೂಟಿಂಗ್ ದಿನ ಅರ್ಧ.’ ಹುಡುಗ ‘ಬೇಡ ಸಾರ್’ ಎಂದು ಇಟ್ಟುಬಿಟ್ಟ. ಅವನಿಗೆ ಗೊತ್ತಿತ್ತು. ರೂಮಿನ ಜೊತೆಗಾರನೊಬ್ಬ ಎರಡು ವರ್ಷದ ಹಿಂದೆ ಹೀಗೇ 40,000 ಕೊಟ್ಟು, ಆ ನಂಬರು ಮರುದಿನದಿಂದ ಸ್ವಿಚ್ ಆಫ್. ಆ ಹುಡುಗನ ಮನೆಯವರು ಹಸು ಮಾರಿ ಕಳಿಸಿದ್ದ ದುಡ್ಡು.

ರಾತ್ರಿ ಅಕ್ಕನಿಗೆ ಫೋನಿನಲ್ಲಿ ಈ ಸಮಾಚಾರ ಹೇಳಿದೆ. ಒಂದು ಗಳಿಗೆ ಸುಮ್ಮನಿದ್ದು, ‘ನನ್ನ ಚೈನ್ ಅಡ ಇಟ್ರೆ ಅಷ್ಟು ಬರುತ್ತೆ ಕಣೇ. ಅವರಿಗೆ ಗೊತ್ತಾಗದ ಹಂಗೆ ಮಾಡಬಹುದು’ ಎಂದಳು. ನನ್ನ ಎದೆ ಧಸಕ್ಕೆಂದಿತು. ಇಂಥ ಫೋನು ಮಾಡುವವರು ನಂಬಿಕೊಂಡಿರುವುದು ಹುಡುಗರನ್ನಲ್ಲ, ಹುಡುಗರ ತಾಯಂದಿರ ಕೊರಳನ್ನು. ‘ಅಕ್ಕ, ಮಂಡೀಲಿ ಕೆಲಸ ಕೊಡೋರು ಭಾವನ ಹತ್ರ ದುಡ್ಡು ಕೇಳಿದ್ರಾ? ಕೆಲಸ ಮಾಡಿಸಿಕೊಳ್ಳೋರು ಕೊಡಬೇಕು, ಕೆಲಸ ಮಾಡೋನು ಯಾಕೆ ಕೊಡ್ತಾನೆ?’ ಎಂದೆ. ಸರಿಯಾದ ತಂಡದವರು ಆಡಿಷನ್ನಿಗೂ ಪಾತ್ರಕ್ಕೂ ದುಡ್ಡು ಕೇಳುವುದಿಲ್ಲ. ಕಾರ್ಡು, ನೋಂದಣಿ, ಡಿಪಾಸಿಟ್ಟು, ‘ನಮ್ಮ ಫೋಟೋಗ್ರಾಫರ ಹತ್ರವೇ ಫೋಟೋ ತೆಗೆಸಬೇಕು’ ಎಂದು ಯಾವ ಹೆಸರಿನಲ್ಲಿ ಕೇಳಿದರೂ ಫೋನು ಇಟ್ಟುಬಿಡಿ. ದುಡ್ಡು ಹೋಗಿಯೇಬಿಟ್ಟಿದ್ದರೆ ನಾಚಿಕೆ ಪಟ್ಟುಕೊಂಡು ಕೂರದೆ ತಕ್ಷಣ 1930 ನಂಬರಿಗೆ ಫೋನು ಮಾಡಿ. ಆನ್‌ಲೈನ್ ಹಣದ ಮೋಸಕ್ಕೆಂದೇ ಇರುವ ಸರ್ಕಾರದ ಸಹಾಯವಾಣಿ ಅದು.

ಹೆಣ್ಣುಮಕ್ಕಳ ವಿಷಯ ಇನ್ನೂ ಬೇರೆ. ಇವರ ನಾಟಕ ತಂಡದಲ್ಲಿ ಶಿರಸಿ ಕಡೆಯ ಹುಡುಗಿಯೊಬ್ಬಳಿದ್ದಾಳೆ, ಬಲು ಚೂಟಿ. ಅವಳು ತನಗೇ ಕೆಲವು ಕಟ್ಟು ಹಾಕಿಕೊಂಡಿದ್ದಾಳೆ: ಆಡಿಷನ್ ಕಛೇರಿಯಲ್ಲಿ ಮಾತ್ರ, ಹೋಟೆಲಿನ ರೂಮಿನಲ್ಲಿಲ್ಲ, ಸಂಜೆ ಆರರ ಮೇಲೆ ಇಲ್ಲ, ಹೋಗುವ ಜಾಗದ ವಿಳಾಸ ಇಬ್ಬರು ಗೆಳತಿಯರಿಗೆ ಗೊತ್ತಿರಬೇಕು. ‘ಇದರಿಂದ ಎಷ್ಟೋ ಪಾತ್ರ ಹೋಗಿರಬಹುದು ಆಂಟಿ, ಹೋಗ್ಲಿ’ ಎಂದಳು. ಮಲಯಾಳ ಚಿತ್ರರಂಗದ ಹೆಣ್ಣುಮಕ್ಕಳ ಕಷ್ಟ ವಿಚಾರಿಸಲು ಕೇರಳದಲ್ಲಿ 2017ರಲ್ಲಿ ನೇಮಿಸಿದ ನ್ಯಾಯಮೂರ್ತಿ ಹೇಮಾ ಸಮಿತಿ 2019ರಲ್ಲೇ ವರದಿ ಕೊಟ್ಟಿತ್ತು. ಅದು ಜನರ ಕೈಗೆ ಬಂದದ್ದು 2024ರ ಆಗಸ್ಟ್‌ನಲ್ಲಿ. ಅದಾದ ಮೇಲೆ ಕನ್ನಡ ಚಿತ್ರರಂಗಕ್ಕೂ ಅಂಥದೊಂದು ಸಮಿತಿ ಬೇಕೆಂದು ಇಲ್ಲಿನ ಕಲಾವಿದರು ಮುಖ್ಯಮಂತ್ರಿಗಳಿಗೆ ಮನವಿ ಕೊಟ್ಟರು. ಮಗಳು ನಟಿಯಾಗುತ್ತೇನೆ ಎಂದರೆ ‘ಛೀ’ ಎನ್ನುವ ತಾಯಂದಿರು, ಅವಳ ಜೊತೆ ನಾಲ್ಕು ದಿನ ಹೋಗಿ ಆ ಮೆಟ್ಟಿಲ ಮೇಲೆ ಕೂತು ಬರುವುದು ಮೇಲು ಎಂದು ನನ್ನ ಅಭಿಪ್ರಾಯ.

ಶನಿವಾರ ಬೆಳಿಗ್ಗೆ ಕರೆ ಬಂತು! ಲುಕ್ ಟೆಸ್ಟಿಗೆ ಬನ್ನಿ ಎಂದು. ತಿಳಿನೀಲಿ ಅಂಗಿ ಮೊಳೆಯಿಂದ ಇಳಿಯಿತು. ನನಗೂ ಅಂದೇ ಹಲ್ಲಿಗೆ ಟೋಪಿ ಹಾಕುವ ದಿನ; ಡಾಕ್ಟರು ಬಾಯಿ ತೆರೆಸಿ ಕೂರಿಸಿದ್ದರೂ ಮನಸ್ಸೆಲ್ಲ ನಾಗರಭಾವಿಯಲ್ಲಿ. ಎರಡು ಗಂಟೆಗೆ ಬಂದ. ಮೇಕಪ್ ಹಾಕಿದರಂತೆ, ದೃಶ್ಯ ಮಾಡಿಸಿದರಂತೆ, ಚೆನ್ನಾಗಿ ಮಾಡಿದಿರಿ ಎಂದರಂತೆ. ಆಮೇಲೆ ನಾಯಕ ನಟ ಬಂದು ಪಕ್ಕದಲ್ಲಿ ನಿಂತರಂತೆ. ಅವರು ಐದು ಅಡಿ ಎಂಟು ಅಂಗುಲ, ಇವನು ಐದು ಅಡಿ ಹನ್ನೊಂದು. ಅಣ್ಣ ಗದರುವಾಗ ತಮ್ಮನ ಮುಖವನ್ನು ತಲೆಯೆತ್ತಿ ನೋಡಬೇಕಾಗುತ್ತದಲ್ಲ! ಪಾತ್ರ ಹೋಯಿತು.

ಎತ್ತರವನ್ನು ಪ್ರೊಫೈಲಿನಲ್ಲೇ ಬರೆದಿದ್ದ. ಮಂಗಳವಾರವೇ ಓದಿದ್ದರೆ ಬೀದಿ ನಾಟಕದ 4,200 ಉಳಿಯುತ್ತಿತ್ತು. ನನಗೆ ಬಂದ ಸಿಟ್ಟಿನಲ್ಲಿ ಕಾಲುಭಾಗವೂ ಅವನಿಗೆ ಬಂದಂತೆ ಕಾಣಲಿಲ್ಲ. ‘ಚೆನ್ನಾಗಿ ಮಾಡಲಿಲ್ಲ ಅಂತ ಹೋಗಿದ್ರೆ ನಿದ್ದೆ ಬರ್ತಿರಲಿಲ್ಲ ಚಿಕ್ಕಮ್ಮ. ಇದಕ್ಕೇನು ಮಾಡೋಕಾಗುತ್ತೆ, ಕಾಲು ಕೊಯ್ಕೊಳಕ್ಕಾಗುತ್ತಾ?’ ಎಂದು ನಕ್ಕ. ಆದರೆ ಅಂದು ಸಂಜೆ ಅಮ್ಮನ ಫೋನು ಎತ್ತಲಿಲ್ಲ. ಕತ್ತಲಾದ ಮೇಲೆ ಅದೇ ಕಡೆಯ ಮ್ಯಾನೇಜರು ಫೋನು ಮಾಡಿ, ಅದೇ ಧಾರಾವಾಹಿಯಲ್ಲಿ ಡಾಕ್ಟರ ಪಾತ್ರ ಇದೆ, ಎರಡು ದಿನ, ದಿನಕ್ಕೆ 1,500, ದುಡ್ಡು ಬರಲು ಮೂರು ತಿಂಗಳು ಎಂದರು. ಡಾಕ್ಟರು ಮಂಚದ ಪಕ್ಕ ನಿಲ್ಲುವವನು, ಎಷ್ಟು ಎತ್ತರ ಇದ್ದರೂ ನಡೆಯುತ್ತದೆ. ಒಪ್ಪಿಕೊಂಡ.

ಭಾನುವಾರ ಸಂಜೆ ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲಿ ಅವರ ತಂಡದ ನಾಟಕವಿತ್ತು. ಕೈಲಾಸಂ ಅವರ ‘ಟೊಳ್ಳುಗಟ್ಟಿ’. ಪರೀಕ್ಷೆಯಲ್ಲಿ ಮುಂದಿರುವ ಒಬ್ಬ ಮಗ, ಓದು ಹತ್ತದ ಇನ್ನೊಬ್ಬ ಮಗ, ಅಂಕದಿಂದಲೇ ಮಕ್ಕಳನ್ನು ಅಳೆಯುವ ತಂದೆ. ಶಾಲೆಯ ದಿನಗಳಲ್ಲಿ ನೀವೂ ನೋಡಿರುತ್ತೀರಿ. ನಮ್ಮ ಹುಡುಗನಿಗೆ ತಂದೆಯ ಪಾತ್ರ! ತಿಂಗಳಿಡೀ ಸಂಜೆ ತಾಲೀಮು ಮಾಡಿದ್ದಕ್ಕೆ ಸಂಭಾವನೆ ಏನೂ ಇಲ್ಲ, ಬಾಡಿಗೆ ಕೊಟ್ಟು ಉಳಿದರೆ ಎಲ್ಲರಿಗೂ ಊಟ. ಎಪ್ಪತ್ತು ಜನ ಬಂದಿದ್ದರು. ವಾರವೆಲ್ಲ ಒಂದೊಂದು ಪುಟ, ಎರಡೆರಡು ನಿಮಿಷ ಎಂದು ಕಾದಿದ್ದ ಹುಡುಗ ಅಂದು ಪೂರ್ತಿ ನಾಟಕ ನಿಂತ. ಧಾರಾವಾಹಿ ಶೂಟಿಂಗಿನಲ್ಲಿ ಹಿಂದಿನಿಂದ ಒಬ್ಬರು ಮಾತು ಓದಿಕೊಡುತ್ತಾರೆ, ನಟರು ಕೇಳಿಸಿಕೊಂಡು ಹೇಳುತ್ತಾರೆ. ಇಲ್ಲಿ ಎಲ್ಲವೂ ಬಾಯಿಪಾಠ. ಪಂಚೆಯ ತುದಿ ಎತ್ತಿ ಕನ್ನಡಕ ಒರೆಸಿಕೊಂಡದ್ದು ನೋಡಿ ನನಗೆ ಗುರುತು ಸಿಕ್ಕಿತು. ಅದು ಭಾವನವರು ಲೆಕ್ಕದ ಪುಸ್ತಕ ತೆರೆಯುವ ಮೊದಲು ಮಾಡುವ ರೀತಿ.

ಸೋಮವಾರ ಊರಿಗೆ ಬಂದೆ. ಭಾವನವರಿಗೆ ನಾಟಕದ ಸುದ್ದಿ ಹೇಳಲು ಹೋಗಲಿಲ್ಲ. ನಾನು ಬರೆದಿದ್ದ ಲೆಕ್ಕದ ಹಾಳೆ ಕೊಟ್ಟೆ. ಬಹಳ ಹೊತ್ತು ನೋಡಿದರು. ಒಂದು ಕಡೆ ಬೆರಳಿಟ್ಟು ‘ಬರಬೇಕಾದ್ದು 14,000 ಅಂತಿದೆ. ಎಷ್ಟು ದಿನದ್ದು? ಚೀಟಿ ಇದೆಯಾ?’ ಎಂದರು. ನನಗೆ ಗೊತ್ತಿಲ್ಲ ಎಂದೆ. ಒಳಗೆ ಹೋಗಿ ತಾವೇ ಮಗನಿಗೆ ಫೋನು ಮಾಡಿದರು. ಎಷ್ಟೋ ತಿಂಗಳ ಮೇಲೆ! ನಾನೂ ಅಕ್ಕನೂ ಅಡಿಗೆಮನೆಯಲ್ಲಿ ಉಸಿರು ಬಿಗಿಹಿಡಿದು ಕೇಳಿಸಿಕೊಂಡೆವು. ‘ಚೀಟಿ ಇಲ್ದೆ ಮಾಲು ಬಿಡಬಾರದು ಕಣೋ. ಶೂಟಿಂಗ್ ಮುಗಿದ ದಿನವೇ ತಾರೀಖು, ಎಷ್ಟು ಹೊತ್ತು, ಎಷ್ಟು ದುಡ್ಡು ಅಂತ ಮ್ಯಾನೇಜರಿಗೆ ಮೆಸೇಜ್ ಹಾಕು. ಅವನು ಸರಿ ಅಂತ ಒಂದು ಅಕ್ಷರ ಹಾಕಲಿ, ಸಾಕು, ಅದೇ ಚೀಟಿ. ಹದಿನೈದು ದಿನಕ್ಕೊಂದು ಸಲ ನೆನಪು ಮಾಡು. ಜೋರು ಮಾಡಬೇಡ.’ ಆಮೇಲೆ ಸ್ವಲ್ಪ ತಡೆದು, ‘ಡಾಕ್ಟರ ಪಾತ್ರ ಅಂತೆ, ಕೈಬರಹ ಕೆಟ್ಟದಾಗಿರೋ ಹಂಗೆ ಬರಿ’ ಎಂದರು. ಅದು ಅವರು ಮಾಡಿದ ತಮಾಷೆ ಎಂದು ನಮಗೆ ತಿಳಿಯಲು ಒಂದು ನಿಮಿಷ ಬೇಕಾಯಿತು.

ಯುಗಾದಿಯ ಮಾತು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಡಾಕ್ಟರ ದೃಶ್ಯದ ಶೂಟಿಂಗ್ ಮುಗಿದಿದೆ, ದುಡ್ಡು ಬಂದಿಲ್ಲ, ಮ್ಯಾನೇಜರು ‘ಓಕೆ’ ಎಂದು ಮೆಸೇಜು ಹಾಕಿದ್ದಾರೆ. ಅಕ್ಕ ಮೊನ್ನೆ ಮತ್ತೆ ಎರಡು ಸೇರು ರಾಗಿ ನೆನೆಹಾಕಿದಳು.